ಕಿವಿಗೆ ಇಲ್ಲ, ಲೈನಿಗೆ ಎಲ್ಲ

ಸೋಮವಾರ, ತಾರೀಖು ಹದಿನಾಲ್ಕು

ತಮ್ಮಾ,

ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ನಿಂತು ಕಂಪನಿಯವರು ಮಾತು ಕೊಟ್ಟದ್ದು ಇಷ್ಟು. ಹೋದ ಬಲಗೈಗೆ ಒಳ್ಳೆಯ ಕೃತಕ ಕೈ. ಗಾಯ ಮಾಗಿದ ಮೇಲೆ ಕಂಬ ಹತ್ತುವ ಕೆಲಸ ಬಿಡಿಸಿ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ. ವಿಚಾರಣೆಯಲ್ಲಿ ನಮ್ಮ ಸಂಘದ ಒಬ್ಬರಿಗೆ ಕುರ್ಚಿ. ಆ ದಿನ ನೀನೂ ನಾನೂ ಫೋನಿನಲ್ಲಿ ಆಡಿದ ಮಾತಿನ ಪೂರ್ತಿ ರೆಕಾರ್ಡಿಂಗ್.

ಕೊಟ್ಟದ್ದು ಇಷ್ಟು. ಕೈ ಇಲ್ಲ. ಉಗ್ರಾಣದ ಕೆಲಸ ಇಲ್ಲ, ಬದಲಿಗೆ ಒಂದು ಪತ್ರ: "ಲೈನ್‌ಮನ್ ನಿಯಮದಂತೆ ಎರಡನೇ ಸಲ ಕೇಳಿ ಖಚಿತಪಡಿಸಿಕೊಳ್ಳದೆ ಕಂಬ ಹತ್ತಿರುವುದರಿಂದ, ಲಭ್ಯ ಹೇಳಿಕೆಗಳ ಪ್ರಕಾರ, ಅವಘಡಕ್ಕೆ ಅವರೇ ಹೊಣೆ." ಕುರ್ಚಿ ಇಲ್ಲ, ಬೇಕಾದರೆ ಬಾಗಿಲ ಹತ್ತಿರ ನಿಂತು ಕೇಳಬಹುದಂತೆ. ರೆಕಾರ್ಡಿಂಗ್ ಹನ್ನೊಂದು ಸೆಕೆಂಡು ಮಾತ್ರ. ಮಿಕ್ಕದ್ದು ಸಿಗುತ್ತಿಲ್ಲವಂತೆ.

ನಿನ್ನ ಮೈ ಹೇಗಿದೆ? ಭುಜದ ಉರಿ ಕಮ್ಮಿಯಾಯಿತಾ? ಎಡಗೈಯಲ್ಲಿ ಉಣ್ಣುವುದು ರೂಢಿಯಾಯಿತಾ? ಐವತ್ತೆರಡು ದಿನ ಕಳೆದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸು ಅನ್ನುವುದು ಸಣ್ಣ ಮಾತು, ಆದರೂ ಅನ್ನುತ್ತೇನೆ. ಮೊದಮೊದಲು ಫೋನ್ ಮಾಡುತ್ತಿದ್ದೆ. ನಿನ್ನ ಹೆಂಡತಿ ಎತ್ತಿ, "ಮಲಗಿದ್ದಾರೆ ಅತ್ತಿಗೆ" ಅನ್ನುತ್ತಿದ್ದಳು. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿದ್ದೆ, ಸಂಜೆ ಐದಕ್ಕೂ ಮಲಗಿದ್ದೆ. ಹುಟ್ಟಿದಾಗಿನಿಂದ ಸೂರ್ಯನಿಗಿಂತ ಮುಂಚೆ ಎದ್ದು ಕೂರುವವನು ನೀನು. ನನಗೆ ಅರ್ಥವಾಗುವುದಿಲ್ಲವೇ? ಎರಡು ವಾರದಿಂದ ನಾನೇ ಫೋನ್ ಮುಟ್ಟಿಲ್ಲ. ನನ್ನ ಬಾಯಿ ಏನು ಹೇಳುತ್ತದೆ ಎಂಬುದು ಈಗ ನನಗೇ ಗೊತ್ತಿಲ್ಲ. ಅದಕ್ಕೇ ಈ ಕಾಗದ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಕಂಬದ ಬುಡದಿಂದ ನಿನಗೆ ಕೇಳಿದ್ದು ಒಂದು, ಕುರ್ಚಿಯಲ್ಲಿ ಕೂತ ನನಗೆ ಕೇಳಿದ್ದು ಇನ್ನೊಂದು.

ನಮ್ಮ ಕಂಟ್ರೋಲ್ ರೂಮಿಗೆ ಹೊಸ ಹೆಡ್‌ಫೋನು ಬಂದದ್ದು ಹತ್ತು ತಿಂಗಳ ಹಿಂದೆ. ಕಿಟಕಿಯಿಲ್ಲದ ಕೋಣೆ, ಸ್ಪಂಜು ಹೊರಬಂದ ಎಂಟು ಕುರ್ಚಿ, ಬಣ್ಣದ ಡಬ್ಬಕ್ಕೆ ತೊಟ್ಟಿಕ್ಕುವ ಏಸಿ. ಅದರ ಮಧ್ಯೆ 'ಮೆಲ್ಲಗೆ ಸಾಹೇಬ' ರಟ್ಟಿನ ಪೆಟ್ಟಿಗೆ ಹಿಡಿದು ಬಂದ. ನಮ್ಮ ಮ್ಯಾನೇಜರ್ ನಿನಗೆ ಗೊತ್ತಲ್ಲ, ಯಾರು ಏನೇ ಹೇಳಿದರೂ "ಮೆಲ್ಲಗೆ, ಮೆಲ್ಲಗೆ" ಅನ್ನುವವನು. ಕುರ್ಚಿ ರಿಪೇರಿ ಮಾಡಿಸಿ ಅಂತ ಮೂರು ವರ್ಷದಿಂದ ಕೇಳುತ್ತಿದ್ದೆವು. ಅವನು ತಂದದ್ದು ಹೆಡ್‌ಫೋನು.

"ಇದನ್ನ ಹಾಕ್ಕೊಂಡ್ರೆ ನಿಮ್ಮ ಧ್ವನಿ ನಿಮಗೇ ಕೇಳುತ್ತೆ. ಗಂಟಲು ನೋಯಲ್ಲ. ಜನಕ್ಕೂ ಇಂಪಾಗಿ ಕೇಳುತ್ತೆ" ಅಂದ.

ಗುಡುಗಮ್ಮ, ನನ್ನ ಪಕ್ಕದ ಕುರ್ಚಿಯವಳು, ಬಿಡುತ್ತಾಳೆಯೇ? "ನನ್ನ ಧ್ವನಿ ನನಗೇ ಕೇಳಿಸೋಕೆ ಯಂತ್ರ ಬೇಕಾ ಸಾರ್? ಮೂರನೇ ಬೀದಿಗೂ ಕೇಳುತ್ತೆ."

"ಅದೇ ಸಮಸ್ಯೆ ಕಣಮ್ಮ. ಮೆಲ್ಲಗೆ."

ಎಲ್ಲರೂ ನಕ್ಕೆವು. ಗುಡುಗಮ್ಮನೇ ಅದಕ್ಕೆ ಕಿವಿಗಿಣಿ ಎಂದು ಹೆಸರಿಟ್ಟಳು. ಗಿಣಿ ನಾವು ಹೇಳಿದ್ದನ್ನೇ ತಿರುಗಿ ಹೇಳುತ್ತದೆ ಎಂದುಕೊಂಡಿದ್ದೆವು. ಸಂಘದ ಕಾರ್ಯದರ್ಶಿಯಾಗಿ ನಾನೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಒಳಗೆ ಏನಿದೆ ಎಂದು ಕೇಳಲಿಲ್ಲ. ಹತ್ತು ವರ್ಷ ಗೇಟಿನ ಮುಂದೆ ಗಂಟಲು ಹರಿದುಕೊಂಡವಳು, ಗಂಟಲು ನೋಯುವುದಿಲ್ಲ ಎಂಬ ಒಂದೇ ಮಾತಿಗೆ ಬಿದ್ದೆ.

ನಮ್ಮ ಕೆಲಸದ ಮಾತು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಯಮದ ಪುಸ್ತಕದಲ್ಲಿ ಇರುವುದು "ಮೂರೂ ತಂತಿಗಳ ವಿದ್ಯುತ್ ಸಂಪೂರ್ಣವಾಗಿ ಕಡಿತಗೊಂಡಿದೆ" ಎಂಬ ಮಾರುದ್ದದ ವಾಕ್ಯ. ಗಾಳಿಯಲ್ಲಿ ನಿಂತ ಲೈನ್‌ಮನ್‌ಗೆ ಅದನ್ನು ಓದಿ ಹೇಳಿದವರು ಯಾರೂ ಇಲ್ಲ. ಒಂದು ಫೋನು ಇಪ್ಪತ್ತು ಸೆಕೆಂಡಿಗೆ ಮುಗಿಯಬೇಕೆಂದು ಗೋಡೆಯ ಮೇಲೆ ಬರೆಸಿದವರೂ ಕಂಪನಿಯವರೇ. ಹಾಗಾಗಿ ನೀವು "ಲೈನ್ ಆಫಾ?" ಅನ್ನುತ್ತೀರಿ. ಮೂರೂ ತಂತಿ ಸತ್ತಿದ್ದರೆ ನಾವು "ಎಲ್ಲ" ಅನ್ನುತ್ತೇವೆ. ಒಂದೇ ಒಂದರಲ್ಲಿ ಜೀವ ಇದ್ದರೂ "ಇಲ್ಲ" ಅನ್ನುತ್ತೇವೆ. ಇಪ್ಪತ್ತು ವರ್ಷದಿಂದ ಆ ಎರಡು ಮಾತಿನ ಮೇಲೆ ಈ ಊರಿನ ಕಂಬಗಳನ್ನು ಹತ್ತಿ ಇಳಿದಿದ್ದೀರಿ. ನೆತ್ತಿಯ ಮೇಲೆ ಕೂತ ಯಾವ ಸಾಹೇಬನೂ ಅದು ತಪ್ಪು ಅನ್ನಲಿಲ್ಲ, ಕೆಲಸ ಬೇಗ ಆಗುತ್ತಿತ್ತಲ್ಲ!

ಆ ದಿನ ಬೆಳಿಗ್ಗೆ ಹತ್ತೂ ಐದಕ್ಕೆ ಬಸ್ ಡಿಪೋ ಹಿಂದಿನ ಕಂಬದಿಂದ ನೀನು ಕರೆದೆ. "ಅಕ್ಕಾ, ಲೈನ್ ಆಫಾ?"

ನನ್ನೆದುರಿನ ಬೋರ್ಡಿನಲ್ಲಿ ಎರಡು ದೀಪ ಆರಿದ್ದವು, ಮೂರನೆಯದು ಉರಿಯುತ್ತಿತ್ತು. ಸ್ವಿಚ್ಚು ಕಚ್ಚಿಕೊಂಡಿತ್ತು. ನಾನು "ಇಲ್ಲ" ಅಂದೆ. ನನ್ನ ಕಿವಿಯಾರೆ ಕೇಳಿದ್ದೇನೆ ತಮ್ಮಾ, ಇಲ್ಲ ಅಂತಲೇ ಕೇಳಿತು, ಗಂಟೆ ಬಾರಿಸಿದಷ್ಟು ಸ್ಪಷ್ಟ.

"ಏನಂದೆ? ಇನ್ನೊಂದ್ಸಲ ಹೇಳು."

"ಇಲ್ಲ ಅಂದ್ನಲ್ಲೋ, ಕಿವಿ ಎಲ್ಲಿ ಇಟ್ಟಿದ್ದೀಯ?"

"ಸರಿಯಕ್ಕಾ."

ನೀನು ಕಾಯುತ್ತೀಯ ಎಂದುಕೊಂಡು ನಾನು ಮುಂದಿನ ಫೋನು ಎತ್ತಿದೆ. ನೀನು ಹತ್ತಿದೆ.

ನೀನು ಎರಡನೇ ಸಲ ಕೇಳಿದೆ. ಅದು ನಿನಗೆ ಗೊತ್ತು, ನನಗೆ ಗೊತ್ತು. ಆ ಹನ್ನೊಂದು ಸೆಕೆಂಡಿನಾಚೆಯದನ್ನು ಕತ್ತರಿಸಿ ಎಸೆದವರಿಗೂ ಗೊತ್ತು.

ಮಧ್ಯಾಹ್ನ ಸಾಹೇಬ ನನ್ನನ್ನು ಕರೆದು ಆ ಹನ್ನೊಂದು ಸೆಕೆಂಡು ಕೇಳಿಸಿದ. ನನ್ನದೇ ಧ್ವನಿ, ನನ್ನದೇ ಉಸಿರು. ಮಾತು ಮಾತ್ರ "ಎಲ್ಲ". ಮತ್ತೆ ಕೇಳಿಸಿ ಅಂದೆ. ಮತ್ತೆ "ಎಲ್ಲ". ನನಗೆ ಹುಚ್ಚು ಹಿಡಿದಿದೆ ಅನ್ನಿಸಿತು. ಮನೆಗೆ ಹೋಗಿ, ಕರೆಯುವವರೆಗೆ ಬರಬೇಡಿ ಅಂದರು.

ಮೂರು ವಾರ ಗೋಡೆ ನೋಡುತ್ತಾ ಕೂತೆ. ಆಮೇಲೆ ಒಂದು ಭಾನುವಾರ ತಂತಿಮಾವ ಮನೆಗೆ ಬಂದ. ನಮ್ಮ ಹೆಡ್‌ಫೋನು ರಿಪೇರಿಯವನು, ಬರುವ ವರ್ಷ ನಿವೃತ್ತಿ. ಚೀಲದಲ್ಲಿ ಒಂದು ಕಿವಿಗಿಣಿ, ಒಂದು ಹಳೆಯ ಟೇಪ್ ರೆಕಾರ್ಡರು.

"ಹಾಕ್ಕೊಳ್ಳಮ್ಮ. 'ಇಲ್ಲ' ಅನ್ನು."

ಅಂದೆ. ಕಿವಿಗೆ "ಇಲ್ಲ" ಕೇಳಿತು. ಅವನು ಟೇಪು ಹಿಂದಕ್ಕೆ ಓಡಿಸಿ ಹಾಕಿದ. ಅದರಲ್ಲಿ ನಾನು "ಎಲ್ಲ" ಅನ್ನುತ್ತಿದ್ದೆ.

ಹತ್ತು ಸಲ ಮಾಡಿದೆವು. ನನ್ನ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಮ್ಮಾ, ನೀನು ತಿಂಗಳುಗಟ್ಟಲೆಯಿಂದ ಹಾಗೇ ಹೇಳ್ತಿದ್ದೀಯ. ಹಾಲು ಇದೆಯಾ ಅಂದ್ರೆ 'ಎಲ್ಲ' ಅಂತೀಯ. ನಾನು ನಗೋದು ಅದಕ್ಕೇ" ಅಂದಳು. ಎಂಟು ವರ್ಷದ ಕೂಸಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ತಂತಿಮಾವ ಕಿವಿಗಿಣಿಯ ಹೊಟ್ಟೆ ಬಿಚ್ಚಿ ತೋರಿಸಿದ. "ನೋಡು, ಬಾಯಿಂದ ಲೈನಿಗೆ ಹೋಗೋ ದಾರಿ ಇದು, ನೆಟ್ಟಗಿದೆ. ಬಾಯಿಂದ ನಿನ್ನ ಕಿವಿಗೆ ಬರೋ ದಾರಿ ಇದು. ಮಧ್ಯೆ ಈ ಚಿಪ್ಪು ಕೂತಿದೆ. ನಿನ್ನ ಧ್ವನಿನ ಒಂಚೂರು ತಿರುಚಿ ನಿನಗೆ ಕೊಡುತ್ತೆ."

"ಯಾಕೆ ಮಾವ?"

"ನಿಮ್ಮಲ್ಲಿ ಅರ್ಧ ಜನಕ್ಕೆ 'ಎ' ಅನ್ನೋದು 'ಇ' ಆಗುತ್ತಂತೆ. ಮನೆ ಅಂದ್ರೆ ಮನಿ. ಸಾಹೇಬರಿಗೆ ಎಲ್ಲರೂ ಒಂದೇ ಥರ ಮಾತಾಡ್ಬೇಕು. ನೀವು ಹೀಗೆ ಮಾತಾಡಿ ಅಂದ್ರೆ ಸಂಘದವರು ಜಗಳ ತೆಗೀತೀರಿ. ಅದಕ್ಕೆ ಕಿವಿಗೆ ಇದನ್ನ ಹಚ್ಚಿದ್ರು. ನೀವು ಅಂದಿದ್ದಕ್ಕಿಂತ ಜಾಸ್ತಿ 'ಇ' ಕೇಳಿಸುತ್ತೆ, ನಿಮಗೇ ಗೊತ್ತಿಲ್ಲದ ಹಾಗೆ ಬಾಯಿ 'ಎ' ಕಡೆ ವಾಲುತ್ತೆ. ಬಲಕ್ಕೆ ಎಳೆಯೋ ಸೈಕಲ್ಲನ್ನ ದಿನಾ ಓಡಿಸೋನು ಹ್ಯಾಂಡಲ್ ಎಡಕ್ಕೆ ಹಿಡಿದಿರ್ತಾನಲ್ಲ, ಹಾಗೆ. ಕೇಳಿದ್ರೆ, ನಾನು ನೆಟ್ಟಗೇ ಹೋಗ್ತಿದ್ದೀನಿ ಅಂತಾನೆ."

"ಸರಿಯಾದ 'ಇ'ಗೂ ಹೀಗೇ ಮಾಡುತ್ತಾ?"

"ಯಂತ್ರಕ್ಕೆ ಇಲ್ಲ ಯಾವ್ದು, ಎಲ್ಲ ಯಾವ್ದು ಅಂತ ಹೇಳಿಕೊಟ್ಟೋರು ಯಾರು? ಈ ತಿರುಚೋದನ್ನ ವಾರವಾರ ಒಂದೊಂದು ಗೀಟು ಏರಿಸ್ತಾ ಬಂದ್ರು. ನಿನ್ನ ತಮ್ಮ ಬಿದ್ದ ವಾರ ಎರಡು ಗೀಟು ಏರಿಸಿದ್ರು."

ನಿಮ್ಮ ಲೈನ್‌ಮನ್‌ಗಳಲ್ಲಿ ಇಬ್ಬರು ಮುಂಚೆಯೇ ಗೊಣಗಿದ್ದರಂತೆ, ಕಂಟ್ರೋಲ್ ರೂಮಿನ ಹೆಂಗಸರ ಮಾತು ಯಾಕೋ ಜಾರುತ್ತಿದೆ ಎಂದು. ನಮ್ಮ "ಎಲ್ಲ" ಅವರಿಗೆ "ಯಾಲ್ಲ" ಎಂದು ಕೇಳಿ, ಚಹಾ ಅಂಗಡಿಯಲ್ಲಿ ಅಣಕಿಸಿ ನಗುತ್ತಿದ್ದರಂತೆ. ಗೊಣಗಿದ್ದು ಯಾವ ಪುಸ್ತಕಕ್ಕೂ ಏರಲಿಲ್ಲ.

ನನಗೆ ಹುಚ್ಚು ಹಿಡಿದಿಲ್ಲ ಎಂದು ತಿಳಿದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕಿವಿಗಿಣಿ ತೆಗೆದಿಟ್ಟು ಬರಿ ಬಾಯಲ್ಲಿ "ಇಲ್ಲ" ಅಂದೆ. ಟೇಪಿನಲ್ಲಿ ಆಗಲೂ "ಎಲ್ಲ". ತಂತಿಮಾವ ತಲೆ ತಗ್ಗಿಸಿದ. "ಸೈಕಲ್ ರಿಪೇರಿ ಮಾಡಿಸಿದ ದಿನವೇ ಹೋಗಿ ಗೋಡೆಗೆ ಗುದ್ದೋದಮ್ಮ. ಕೈ ಮರೆಯೋಕೆ ದಿನ ಹಿಡಿಯುತ್ತೆ" ಅಂದ. ಮೂರು ವಾರ ಹಾಕಿಕೊಳ್ಳದೆ ಕೂತವಳ ಬಾಯಿ ಅದು! ಇನ್ನೂ ಎಷ್ಟು ದಿನ ಎಂದು ಕೇಳಿದೆ. ಇಷ್ಟು ತಿಂಗಳು ಯಾರಿಗೂ ಹಾಕಿ ನೋಡಿದ್ದೇ ಇಲ್ಲ, ನನಗೇನು ಗೊತ್ತು ಅಂದ.

ಹೋದ ಮಂಗಳವಾರ ಗೇಟಿನ ಮುಂದೆ ಪ್ರತಿಭಟನೆ ಕರೆದೆವು. ಹಗಲು ಪಾಳಿ, ಸಂಜೆ ಪಾಳಿ ಸೇರಿ ಹದಿನಾರು ಹೆಂಗಸರು. ನಾನು ಘೋಷಣೆ ಎತ್ತಿದೆ: "ಕಿವಿಗಿಣಿ ಬೇಡ!" ಹದಿನಾರು ಬಾಯಿ ತೆರೆದವು. ಬಂದ ಸದ್ದು ಎಷ್ಟು ಗೊತ್ತಾ? ಎದುರಿನ ಹೊಲಿಗೆ ಅಂಗಡಿಯವನ ಮಿಷನ್ನು ನಿಲ್ಲಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಿಂತು, "ಏನಮ್ಮ, ಪ್ರಾರ್ಥನೆನಾ? ಯಾರು ತೀರಿಕೊಂಡ್ರು?" ಎಂದು ಕೇಳಿದ.

ನಮಗೆ ನಾವು ಕೂಗುತ್ತಿದ್ದೇವೆ ಎಂದೇ ಅನ್ನಿಸುತ್ತಿತ್ತು. ಕಿವಿಗಿಣಿ ನಮ್ಮ ಧ್ವನಿಯನ್ನು ನಮಗೆ ದೊಡ್ಡದು ಮಾಡಿ ಕೇಳಿಸಿ ಕೇಳಿಸಿ, ಗಂಟಲು ತಾನೇ ತಗ್ಗಿಕೊಂಡಿದೆ. ನಮ್ಮ ಬಾಯಿಗೆ ಬೀಗ ಹಾಕಿದ್ದರೆ ಒಡೆಯುತ್ತಿದ್ದೆವು, ತಮ್ಮಾ. ಇವರು ಹಾಕಿದ್ದು ಕಿವಿಗೆ. ಆಮೇಲೆ ಇಡೀ ಮೈ ಕಂಪನಿಯ ಪರ ಕೆಲಸ ಮಾಡಿತು.

ಗುಡುಗಮ್ಮನ ಗಂಡ ಮೊದಲಲ್ಲಿ ಕುಣಿದಾಡಿದ್ದ, "ಕಂಪನಿಗೆ ಹಾರ ಹಾಕ್ಬೇಕು ಕಣ್ರೀ, ಮೂವತ್ತೈದು ವರ್ಷದಲ್ಲಿ ನನ್ನ ಕೈಲಿ ಆಗದ್ದು" ಎಂದು. ಶುಕ್ರವಾರ ಅವಳ ಮೊಮ್ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿತು. ಲಾರಿ ಬರುತ್ತಿತ್ತು. ಗುಡುಗಮ್ಮ ಕೂಗಿದಳು. ಪಕ್ಕದಲ್ಲಿ ನಿಂತಿದ್ದ ಗಂಡನಿಗೇ ಅದು ಕೇಳಲಿಲ್ಲ. ಲಾರಿಯವನು ತಾನಾಗಿ ನೋಡಿ ಬ್ರೇಕು ಹಾಕಿದ್ದಕ್ಕೆ ಕೂಸು ಉಳಿಯಿತು. ಈಗ ಅವನು ಹಾರದ ಮಾತು ಎತ್ತುವುದಿಲ್ಲ. ಅವಳು ಮನೆಯ ಮೂಲೆಯಲ್ಲಿ ಕೂತು ಗಂಟಲು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾಳೆ.

ಕೋಣೆಯಲ್ಲಿ ಎಂಟು ಕುರ್ಚಿಯಿಂದಲೂ ಈಗ ಒಂದೇ ಧ್ವನಿ ಬರುತ್ತದಂತೆ. ನನ್ನ ಜಾಗಕ್ಕೆ ಬಂದ ಹೊಸಬಳು ಆರು ವಾರಕ್ಕೆ ಅದೇ ಧ್ವನಿ ಕಲಿತಿದ್ದಾಳೆ. ಕಣ್ಣು ಮುಚ್ಚಿದರೆ ಯಾರು ಯಾರೆಂದು ತಿಳಿಯುವುದಿಲ್ಲ ಎಂದು ತಂತಿಮಾವ ಹೇಳುತ್ತಾನೆ. ಇವತ್ತೂ ಅವರು ಕೂತಿದ್ದಾರೆ. ಇವತ್ತೂ ಯಾರೋ ಲೈನ್‌ಮನ್ ಕಂಬದ ಕೆಳಗೆ ನಿಂತು "ಲೈನ್ ಆಫಾ?" ಎಂದು ಕೇಳುತ್ತಿದ್ದಾನೆ. ಬರುವ ತಿಂಗಳು ಆಸ್ಪತ್ರೆಯ ತುರ್ತು ಫೋನಿಗೂ, ಬೆಂಕಿ ಆರಿಸುವವರ ಫೋನಿಗೂ ಇದೇ ಕಿವಿಗಿಣಿ ಬರಲಿದೆ. ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿದಾಗ, ಆ ಕುರ್ಚಿಯಿಂದ ಯಾವ ಮಾತು ಹೋಗುತ್ತದೆ?

ನಿನ್ನೆ ಮೆಲ್ಲಗೆ ಸಾಹೇಬ ಮನೆಗೇ ಬಂದಿದ್ದ. ಚಪ್ಪಲಿ ಬಿಟ್ಟು, ಮಗಳ ತಲೆ ಸವರಿ, ಕೂತ. ಗುರುವಾರ ವಿಚಾರಣೆ. ನಾನು ಕೆಲಸಕ್ಕೆ ವಾಪಸು ಬರಬಹುದಂತೆ.

"ಹೊಸದಾಗಿ ಏನೂ ಹೇಳೋದು ಬೇಡಮ್ಮ. ಬರೆದುಕೊಟ್ಟಿದ್ದಕ್ಕೆ ನಿಂತ್ರೆ ಸಾಕು."

"ಕಿವಿಗಿಣಿ?"

"ಅದರ ಮಾತು ಎತ್ತಬೇಡಿ. ನಿಮ್ಮ ಟೇಪ್ ರೆಕಾರ್ಡರಿನ ಆಟ ಯಾರು ನಂಬ್ತಾರೆ? ನಿಮ್ಮ ಕಿವಿಗೆ ಏನು ಕೇಳಿತು ಅನ್ನೋದು ಎಲ್ಲೂ ದಾಖಲಾಗಿಲ್ಲ. ಬಾಯಿಂದ ಬಂದದ್ದು ಮಾತ್ರ ದಾಖಲೆ. ಮೆಲ್ಲಗೆ ಯೋಚನೆ ಮಾಡಿ."

"ಯೋಚನೆ ಮಾಡಿದ್ದೀನಿ ಸಾರ್. ಎದ್ದೇಳಿ" ಅಂದೆ. ಗದರಿದೆ ಎಂದುಕೊಂಡಿದ್ದೆ. ಅವನು ನಗುತ್ತಾ, "ನೋಡಿ, ಎಷ್ಟು ಚೆನ್ನಾಗಿ ಮಾತಾಡ್ತೀರಿ ಈಗ" ಅಂದ.

ಅವನು ಹೋದ ಕೂಡಲೇ ಸಂಘದವರನ್ನು ಮನೆಗೆ ಕರೆಸಿದೆ.

ಗುರುವಾರ ಏನು ಮಾಡಬೇಕೆಂದು ಸಂಘದವರು ಸೇರಿ ತೀರ್ಮಾನಿಸಿದ್ದೇವೆ. ಒಳಗೆ ನಾವು ಬಾಯಲ್ಲಿ ಏನೂ ಹೇಳುವುದಿಲ್ಲ. ಬರೆದು ಕೊಡುತ್ತೇವೆ, ಹದಿನಾರು ಜನರೂ. ತಂತಿಮಾವ ಕಿವಿಗಿಣಿಯನ್ನು ವಿಚಾರಣೆಯ ಮೇಜಿನ ಮೇಲೆ ಇಡುತ್ತಾನೆ. ನಿವೃತ್ತಿಯ ಮುಂಚೆ ಅವನನ್ನು ತೆಗೆದುಹಾಕಬಹುದು. ಅದು ಅವನಿಗೂ ಗೊತ್ತು. "ಹಾಕ್ಕೊಂಡು 'ಇಲ್ಲ' ಅನ್ನಿ ಸಾರ್" ಎಂದು ವಿಚಾರಣೆಯ ಅಧಿಕಾರಿಗೇ ಕೇಳುತ್ತಾನಂತೆ. ಒಂದೇ ಸಲಕ್ಕೆ ಅಧಿಕಾರಿಯ ಬಾಯಿ ವಾಲುವುದಿಲ್ಲ. ಅರ್ಧ ಗಂಟೆ ಹಾಕಿಕೊಂಡು ಕೂರಬೇಕು. ಕೂರುತ್ತಾನೋ ಇಲ್ಲವೋ. ಕೂರುವವರೆಗೆ ಬಾಗಿಲಲ್ಲಿ ನಿಲ್ಲುತ್ತೇವೆ.

ಈ ಕಾಗದ ತರುವವನು ತಂತಿಮಾವನೇ. ನಿನ್ನ ಹೆಂಡತಿಗೆ ಹೇಳು, ಅವಳ ಮೇಲೆ ನನಗೆ ಒಂದಿಷ್ಟೂ ಕೋಪವಿಲ್ಲ. ಅವಳ ಜಾಗದಲ್ಲಿದ್ದರೆ ನಾನು ಫೋನನ್ನೇ ಬಾವಿಗೆ ಎಸೆಯುತ್ತಿದ್ದೆ. ಮಕ್ಕಳನ್ನು ಬೈಯಬೇಡ. ಗಾಯಕ್ಕೆ ನೀರು ತಾಗಿಸಬೇಡ. ನೀನು ಗಟ್ಟಿಯಾಗು, ನಿನ್ನ ಮನೆ ನಗುತ್ತಿರಲಿ, ನನ್ನ ಆಯುಸ್ಸಿನಲ್ಲಿ ಉಳಿದದ್ದು ನಿನಗೆ ಸೇರಲಿ.

ಇಂತಿ,
ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ
ಅಕ್ಕ

ತಾ.ಕ.: ಕಾಗದ ಮಡಚಿ, ಮತ್ತೆ ಬಿಚ್ಚಿದೆ. ಇದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಸುಳ್ಳು.

ಅವರ ಪತ್ರದಲ್ಲಿ "ಲಭ್ಯ ಹೇಳಿಕೆಗಳ ಪ್ರಕಾರ" ಎಂದಿದೆಯಲ್ಲ, ಆ ಹೇಳಿಕೆ ನನ್ನದು. ಆ ಮಧ್ಯಾಹ್ನ ಸಾಹೇಬ ನನಗೆ "ಎಲ್ಲ" ಎಂದು ಕೇಳಿಸಿದ ಮೇಲೆ ಬಿಳಿ ಹಾಳೆ ಮುಂದಿಟ್ಟ. "ನಿಮ್ಮ ತಮ್ಮ ಎಷ್ಟು ಸಲ ಕೇಳಿದ?" ಅಂದ. ನೀನು ಆಗ ಆಪರೇಷನ್ ಮೇಜಿನ ಮೇಲಿದ್ದೆ, ಉಳಿಯುತ್ತೀಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಎರಡು ಸಲ ಎಂದರೆ, ಎರಡು ಸಲವೂ ನಿನ್ನನ್ನು ಸಾವಿಗೆ ಕಳಿಸಿದವಳು ನಾನು. ಒಂದೇ ಸಲ ಎಂದರೆ ಅರ್ಧ ತಪ್ಪು ನಿನ್ನದು. "ಒಂದೇ ಸಲ ಕೇಳಿದ" ಎಂದು ಬರೆದೆ. ಸಹಿ ಮಾಡಿದೆ. ಬಾಯಿ ತಪ್ಪಿದ್ದಕ್ಕೆ ಯಂತ್ರ ಇದೆ. ಕೈ ತಪ್ಪಲಿಲ್ಲ ತಮ್ಮಾ, ಅದು ನಾನು ಬರೆಯಬೇಕೆಂದದ್ದನ್ನೇ ಬರೆಯಿತು. ನಿನ್ನ ಕೃತಕ ಕೈಯನ್ನೂ ಉಗ್ರಾಣದ ಕೆಲಸವನ್ನೂ ಕಿತ್ತುಕೊಂಡದ್ದು ಆ ಮೂರು ಪದ. ಸಂಘದವರಿಗೂ ಇದು ಇನ್ನೂ ಗೊತ್ತಿಲ್ಲ.

ಗೇಟಿನ ಮುಂದೆ ಎಲ್ಲರೆದುರು ಮೊದಲು ಇದನ್ನು ಹೇಳಿ, ಆಮೇಲೆ ಒಳಗೆ ಹೋಗಿ ಆ ಹೇಳಿಕೆ ವಾಪಸು ಪಡೆಯುತ್ತೇನೆ. ಅವರು ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಲಿ, ಕಂಪನಿ ಕೆಲಸದಿಂದ ತೆಗೆಯಲಿ, ಪೊಲೀಸರಿಗೆ ಒಪ್ಪಿಸಲಿ. ನನ್ನ ಧ್ವನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಅದಕ್ಕೆ ದೊಡ್ಡ ರಟ್ಟಿನ ಮೇಲೆ ಬರೆದುಕೊಂಡು ಎತ್ತಿ ಹಿಡಿಯುತ್ತೇನೆ: "ನನ್ನ ತಮ್ಮ ಎರಡು ಸಲ ಕೇಳಿದ."

ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಸಭೆ ಯಾವಾಗ ಎಂದಷ್ಟೇ ತಿಳಿಸುತ್ತೇನೆ: ಗುರುವಾರ, ತಾರೀಖು ಹದಿನೇಳು, ಬೆಳಿಗ್ಗೆ ಒಂಬತ್ತೂವರೆಗೆ, ಗೇಟಿನ ಮುಂದೆ.